ಮೀನು ಮಾರ್ಕೆಟಿನಂಥ ತರಗತಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಶಾಲೆಗಳನ್ನು ಸಂದರ್ಶಿಸುವ ಅಧಿಕಾರಿಗಳು, ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರು ಹಾಗೂ ಎಸ್‌ಡಿಎಂಸಿ ಸದಸ್ಯರು,
ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು.

ವಿಷಯ: ಇಂಗ್ಲಿಷ್ ತರಗತಿಯಲ್ಲಿ ಮಕ್ಕಳು ತಂಡವಾಗಿ ಓದಲು ವಾರಕ್ಕೊಂದು ಹೊತ್ತು, ಆ ಹೊತ್ತಿನಲ್ಲಿ ಸ್ವಲ್ಪ ಸದ್ದಿಗೆ ಅವಕಾಶ ಕೋರಿ.

ಮಾನ್ಯರೇ,

ಕಾಪುವಿಗೂ ಮಲ್ಪೆಗೂ ನಡುವಿನ ಕಡಲ ಬದಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು 17 ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಶಾಲೆಯ ಹೆಸರು ಬರೆಯುವುದಿಲ್ಲ. ಕೆಳಗೆ ಹೇಳುವ ಅಧಿಕಾರಿಯ ಹೆಸರನ್ನೂ ಹುದ್ದೆಯನ್ನೂ ಬರೆಯುವುದಿಲ್ಲ. ಅವರ ಮೇಲೆ ದೂರು ಕೊಡುವ ಉದ್ದೇಶ ನನಗಿಲ್ಲ. ಆ ದಿನ ಅವರು ಆಡಿದ ಮಾತನ್ನು ಬೇರೆ ಬೇರೆ ಬಾಯಿಗಳಲ್ಲಿ ಹಲವು ಸಲ ಕೇಳಿದ್ದೇನೆ. ಅದಕ್ಕೇ ಈ ಪತ್ರ ಒಬ್ಬರಿಗಲ್ಲ, ನಿಮ್ಮೆಲ್ಲರಿಗೆ.

ಕಳೆದ ಆಗಸ್ಟ್ ತಿಂಗಳ ಒಂದು ಶುಕ್ರವಾರ, ಒಂಬತ್ತನೇ ತರಗತಿಯಲ್ಲಿ ಬೆಂಚುಗಳನ್ನು ಎದುರುಬದುರು ತಿರುಗಿಸಿ 36 ಮಕ್ಕಳು ಗುಂಪು ಗುಂಪಾಗಿ ಕೂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಚೀಟಿ. ತುಳು, ಕನ್ನಡ, ಬ್ಯಾರಿ, ಉತ್ತರ ಕರ್ನಾಟಕದ ಕನ್ನಡ, ನಡುನಡುವೆ ಇಂಗ್ಲಿಷ್. ಸದ್ದು ಜೋರಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಬಾಗಿಲಲ್ಲಿ ಬಂದು ನಿಂತ ಅಧಿಕಾರಿಗಳು, "ಎಂತ ಟೀಚರ್ ಇದು, ಕ್ಲಾಸಾ, ಮೀನು ಮಾರ್ಕೆಟಾ?" ಎಂದರು. ತರಗತಿ ಒಮ್ಮೆಲೇ ಸ್ತಬ್ಧವಾಯಿತು. ಮಕ್ಕಳು ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಎಂದರು. ಅವರಿಗೆ ಅದು ಸಮಾಧಾನ ಕೊಟ್ಟಂತೆ ಕಂಡಿತು. ಒಳಗಿದ್ದದ್ದು ಏಳೆಂಟು ನಿಮಿಷ. ಸಂದರ್ಶನ ಪುಸ್ತಕದಲ್ಲಿ ಎರಡು ವಾಕ್ಯ ಬರೆದು ಹೋದರು: ತರಗತಿ ನಿರ್ವಹಣೆ ಸುಧಾರಿಸಬೇಕು; ಇಂಗ್ಲಿಷ್ ಅವಧಿಯಲ್ಲಿ ಮಕ್ಕಳು ಇಂಗ್ಲಿಷಿನಲ್ಲೇ ಮಾತನಾಡಬೇಕು. ಮರುದಿನ ಬೆಂಚುಗಳು ಮತ್ತೆ ಸಾಲಾದವು. ಆ ವಾರದಿಂದ ಶುಕ್ರವಾರದ ಆ ಅವಧಿ ಹತ್ತನೆಯವರ ಪಾಸಿಂಗ್ ಪ್ಯಾಕೇಜಿಗೆ, ಅಂದರೆ ಅವರನ್ನು ಪರೀಕ್ಷೆಯಲ್ಲಿ ಪಾಸು ಮಾಡಿಸುವ ತಯಾರಿಗೆ, ಹೋಯಿತು.

ಆ ಗಲಾಟೆ ಯಾವುದರದ್ದು ಎಂದು ಅವರು ಕೇಳಲಿಲ್ಲ. ಈಗ ಹೇಳುತ್ತೇನೆ.

ನಾನೇ ಸರಳ ಇಂಗ್ಲಿಷಿನಲ್ಲಿ ಸೇಂಟ್ ಮೇರೀಸ್ ದ್ವೀಪದ ಬಗ್ಗೆ ಒಂದು ಪುಟ ಬರೆದು, ಅದನ್ನು ನಾಲ್ಕು ಚೀಟಿ ಮಾಡಿದ್ದೆ. ಲಾವಾ ತಣಿಯುತ್ತಾ ಕುಗ್ಗಿ, ಬಿರಿದು, ಹಲವು ಮೂಲೆಗಳ ಕಂಬಗಳಾದದ್ದು, ಅದು ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಕತೆ ಎಂಬುದು ಒಂದು ಚೀಟಿ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಆ ಹೆಸರಿಟ್ಟ ಎಂದು ಜನ ಹೇಳುವ ಕತೆ ಇನ್ನೊಂದು. ಮಲ್ಪೆಯಿಂದ ದೋಣಿ ಯಾವಾಗ ಹೋಗುತ್ತದೆ, ಮಳೆಗಾಲದಲ್ಲಿ ಏಕೆ ನಿಲ್ಲುತ್ತದೆ ಎನ್ನುವುದು ಮೂರನೆಯದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿನ ಕಲ್ಲನ್ನು ಕೀಳಬಾರದು ಎನ್ನುವುದು ನಾಲ್ಕನೆಯದು. 4 ಮಕ್ಕಳ 9 ತಂಡ. ತಂಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಒಬ್ಬರದ್ದನ್ನು ಇನ್ನೊಬ್ಬರು ನೋಡುವಂತಿಲ್ಲ. ಮೊದಲು ಒಂದೇ ಚೀಟಿ ಸಿಕ್ಕಿದವರು ಒಟ್ಟು ಕೂತು ಅರ್ಥ ಬಿಡಿಸಿಕೊಳ್ಳಬೇಕು. (ಹಾಗೆ ಸೇರಿದರೆ 9 ಮಂದಿ ಆಗುತ್ತಾರೆ; 9 ಮಂದಿ ಕೂತರೆ ಅದು ಓದಲ್ಲ, ಗ್ರಾಮಸಭೆ. 4 ಮತ್ತು 5 ಎಂದು ಒಡೆಯಬೇಕೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.) ಆಮೇಲೆ ತಮ್ಮ ತಮ್ಮ ತಂಡಕ್ಕೆ ಮರಳಿ, ಚೀಟಿ ಕೆಳಗಿಟ್ಟು, ಉಳಿದ ಮೂವರಿಗೆ ಬಾಯಲ್ಲಿ ಹೇಳಬೇಕು.

ಕೊನೆಗೆ ಎಲ್ಲ ತಂಡಕ್ಕೂ ಒಂದು ಪತ್ರ ಕೊಡುತ್ತೇನೆ. ಒಬ್ಬ ಪ್ರವಾಸಿ ಗೆಳೆಯನಿಗೆ ಬರೆದದ್ದು: ಜುಲೈ ಎರಡನೇ ವಾರ ಟೂರಿಸ್ಟ್ ದೋಣಿಯಲ್ಲಿ ದ್ವೀಪಕ್ಕೆ ಹೋದೆ, ಹಿಂದಿನ ಶಿಲ್ಪಿಗಳು ಕೆತ್ತಿದ ಕಂಬಗಳನ್ನು ನೋಡಿದೆ, ಕಾವಲಿನವರ ಅನುಮತಿ ಪಡೆದು ನೆನಪಿಗೊಂದು ಕಲ್ಲು ತಂದೆ. ಇವನು ಎಲ್ಲೆಲ್ಲಿ ಬುರುಡೆ ಬಿಟ್ಟಿದ್ದಾನೆ, ಯಾವ ಚೀಟಿಯ ಯಾವ ಮಾತಿನಿಂದ ಅದು ಗೊತ್ತಾಗುತ್ತದೆ ಎಂದು ತಂಡ ಇಂಗ್ಲಿಷಿನಲ್ಲಿ ಬರೆಯಬೇಕು. ಒಂದೇ ಚೀಟಿ ಓದಿದವನಿಗೆ ಇದು ಬಗೆಹರಿಯುವುದಿಲ್ಲ.

ಅಧಿಕಾರಿಗಳು ಬಂದಾಗ ಕಲ್ಲಿನ ಚೀಟಿಯ ಗುಂಪಿನಲ್ಲಿ 'ಕಾಲಂ' ಎಂಬ ಪದಕ್ಕೆ ಜಗಳ ನಡೆಯುತ್ತಿತ್ತು. "ಅಟೆಂಡೆನ್ಸಿನಲ್ಲಿ ಗೆರೆ ಹಾಕ್ತಾರಲ್ಲ, ಅದು ಕಾಲಂ" ಎಂದು ಒಬ್ಬ. "ಅತ್ತ್ ಮಾರಾಯಾ, ಕಲ್ಲಿನಲ್ಲಿ ಅಟೆಂಡೆನ್ಸ್ ಹಾಕ್ತಾರಾ?" ಎಂದು ಇನ್ನೊಬ್ಬ. ಬಾದಾಮಿ ಕಡೆಯ ಒಬ್ಬಳು ಹುಡುಗಿ ಇದ್ದಾಳೆ. ತಂದೆ ತಾಯಿ ಕಟ್ಟಡ ಕೆಲಸಕ್ಕೆ ಬಂದವರು. ಜೂನ್‌ನಿಂದ ಅವಳು ನನ್ನ ತರಗತಿಯಲ್ಲಿ ಹಾಜರಿ ಹೇಳುವುದು ಬಿಟ್ಟರೆ ಬಾಯಿ ತೆರೆದದ್ದು ಕಡಿಮೆ. ಅವಳು ಹೇಳಿದಳು: "ನಮ್ಮೂರ ಗುಡ್ಯಾಗ ಇರ್ತಾವಲ್ಲ, ಕಂಬ, ಹಂಗ. ಆದ್ರ ಅವು ಕೆತ್ತಿದ್ದು. ಇವನ್ನ ಯಾರೂ ಕೆತ್ತಿಲ್ಲ, ತಾವ ಆಗ್ಯಾವ." ಪ್ರವಾಸಿಯ ಎರಡನೇ ಸುಳ್ಳನ್ನು, ಆ ಪತ್ರ ಕೈಗೆ ಬರುವ ಮೊದಲೇ, ಅವಳು ಹಿಡಿದಾಗಿತ್ತು. ಅವಳ ತಂಡದ ಉಳಿದ ಮೂವರಿಗೆ ಕಲ್ಲಿನ ವಿಷಯ ತಿಳಿಯಬೇಕಾದರೆ ಅವಳಲ್ಲದೆ ಬೇರೆ ದಾರಿ ಇರಲಿಲ್ಲ. ಅವಳು ಎದ್ದು ಆ ಮೂವರ ಬಳಿಗೆ ಹೋಗಬೇಕು ಎನ್ನುವಾಗ ಮೀನು ಮಾರ್ಕೆಟಿನ ಮಾತು ಬಂತು. ಆ ದಿನ ಅವಳು ಯಾರಿಗೂ ಏನೂ ಹೇಳಲಿಲ್ಲ.

ಮೀನು ಮಾರ್ಕೆಟಿನ ಬಗ್ಗೆಯೂ ಒಂದು ಮಾತು. ಆ ತರಗತಿಯಲ್ಲಿ ಮೂರು ಮಕ್ಕಳ ತಾಯಂದಿರು ಮೀನು ಮಾರುವವರು. ಎರಡು ತಿಂಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದು, ದೋಣಿಗಳು ಆಗಷ್ಟೇ ಕಡಲಿಗಿಳಿದಿದ್ದವು. ಬೆಳಗಿನ ಜಾವ ಎದ್ದು ಬಂದರಿಗೆ ಹೋದ ಅಮ್ಮಂದಿರು ಅವರು. ತಾವು ಎಂದಾದರೂ ಮಲ್ಪೆಯಲ್ಲಿ ಏಲಂ ನಡೆಯುವಾಗ ನಿಂತು ನೋಡಿದ್ದೀರಾ? ಹೊರಗಿನವರಿಗೆ ಅದು ಬರೀ ಬೊಬ್ಬೆ. ಒಳಗಿದ್ದವರಿಗೆ ಯಾವ ಬುಟ್ಟಿ, ಯಾರ ದೋಣಿ, ಎಷ್ಟಕ್ಕೆ ನಿಂತಿತು ಎಂಬುದರಲ್ಲಿ ಒಂದು ರೂಪಾಯಿ ತಪ್ಪುವುದಿಲ್ಲ. ನನ್ನ ತರಗತಿ ಅಷ್ಟು ಚೆನ್ನಾಗಿ ನಡೆದರೆ ನಾನು ಹಬ್ಬ ಮಾಡುತ್ತೇನೆ.

ಇನ್ನು, ಸಾಲಾಗಿ ಕೂತ ಶಾಂತ ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ನಾನು ಪಾಠ ಓದುತ್ತೇನೆ, ಕನ್ನಡದಲ್ಲಿ ಅರ್ಥ ಹೇಳುತ್ತೇನೆ, ಪ್ರಶ್ನೋತ್ತರ ಬೋರ್ಡಿನಲ್ಲಿ ಬರೆಯುತ್ತೇನೆ, ಅವರು ನಕಲು ಮಾಡುತ್ತಾರೆ. ಪರೀಕ್ಷೆಯಲ್ಲಿ ಪುಸ್ತಕದಲ್ಲಿಲ್ಲದ ಒಂದು ಗದ್ಯಭಾಗ ಬಂದಾಗ ಅದಕ್ಕೂ ಒಂದು ಉಪಾಯ ಕಲಿಸಿದ್ದೇವೆ: ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆ ಹುಡುಕು, ಆ ಸಾಲನ್ನು ಹಾಗೇ ಇಳಿಸು. ಇದರ ಬಣ್ಣ ತಿಳಿಯಬೇಕಾದರೆ ಕನ್ನಡದಲ್ಲೇ ನೋಡಿ. "ಝೊಂಪನು ಗಿಡ್ಮೆಯನ್ನು ಸಂಜೆ ತಲ್ಪಿಸಿದನು." ಝೊಂಪನು ಏನು ಮಾಡಿದನು? ಗಿಡ್ಮೆಯನ್ನು ತಲ್ಪಿಸಿದನು. ಯಾವಾಗ? ಸಂಜೆ. ಎರಡಕ್ಕೆ ಎರಡು ಅಂಕ. ಝೊಂಪ ಯಾರು, ಗಿಡ್ಮೆ ತಿನ್ನುವ ವಸ್ತುವೋ ಕಟ್ಟಿಹಾಕುವ ಪ್ರಾಣಿಯೋ, ದೇವರಿಗೇ ಗೊತ್ತು. ನಮ್ಮ ಮಕ್ಕಳು ವರ್ಷಗಟ್ಟಲೆ ಗಿಡ್ಮೆ ತಲ್ಪಿಸುತ್ತಿದ್ದಾರೆ, ನಾವು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಿದ್ದೇವೆ.

ಫಲಿತಾಂಶ ಚೆನ್ನಾಗಿದೆಯಲ್ಲ ಎನ್ನುತ್ತೀರಿ. ಚೆನ್ನಾಗಿದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94ರೊಂದಿಗೆ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದಲು ಬದಲು: ದಕ್ಷಿಣ ಕನ್ನಡ ಶೇ. 91.12, ಉಡುಪಿ ಶೇ. 89.96. ನಮ್ಮ ಶಾಲೆಯ ಗೋಡೆಯಲ್ಲೂ ಅಭಿನಂದನೆಯ ಫ್ಲೆಕ್ಸ್ ತೂಗಿತ್ತು, ನಾನೂ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡವಳೇ. ಆದರೆ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ತೆಗೆದು ಪಿಯುಸಿ ಸೈನ್ಸ್ ಸೇರಿದ ಹುಡುಗನೊಬ್ಬ ದಸರಾ ರಜೆಯಲ್ಲಿ ಬಂದು ಹೇಳಿದ ಮಾತು ನನ್ನ ಕಿವಿಯಿಂದ ಹೋಗುವುದಿಲ್ಲ: "ಟೀಚರ್, ಪುಸ್ತಕ ಓದ್ಲಿಕ್ಕೆ ಬರ್ತದೆ. ಓದಿದ್ದು ಬರುವುದಿಲ್ಲ." ಫಿಸಿಕ್ಸ್ ಪುಸ್ತಕದಲ್ಲಿ ಪ್ರಶ್ನೆಯ ಪದ ಹುಡುಕಿ ಸಾಲು ಇಳಿಸುವ ಉಪಾಯ ನಡೆಯುವುದಿಲ್ಲವಲ್ಲ.

ತಂಡವಾಗಿ ಓದುವುದು ನಾನು ಕಂಡುಹಿಡಿದ ಹುಚ್ಚಲ್ಲ. ಚೀಟಿ ಹಂಚುವ ಈ ಕ್ರಮಕ್ಕೆ 'ಜಿಗ್‌ಸಾ' ಎನ್ನುತ್ತಾರೆ. 1971ರಲ್ಲಿ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ಊರಿನಲ್ಲಿ, ಅಲ್ಲಿಯವರೆಗೆ ಬೇರೆ ಬೇರೆ ಶಾಲೆಗಳಲ್ಲಿದ್ದ ಬಿಳಿಯ, ಕರಿಯ ಮತ್ತು ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಒಂದೇ ತರಗತಿಗೆ ತಂದಾಗ ಜಗಳವೇ ಜಗಳವಾಯಿತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ತರಗತಿಗೆ ಹೋಗಿ ಕೂತು ನೋಡಿದರು. ಟೀಚರ್ ಪ್ರಶ್ನೆ ಕೇಳುತ್ತಾರೆ, ನಾಲ್ಕು ಕೈ ಮೇಲೇಳುತ್ತವೆ, ಒಬ್ಬ ತಪ್ಪು ಹೇಳಿದರೆ ಉಳಿದ ಮೂವರಿಗೆ ಖುಷಿ. ಹಾಗಾಗಿ ಪಾಠವನ್ನೇ ತುಂಡು ಮಾಡಿ ಹಂಚಿದರು. ಪಕ್ಕದವನು ಹೇಳದೆ ನನಗೆ ಪಾಠ ಪೂರ್ತಿಯಾಗದು ಎಂಬ ಸ್ಥಿತಿ ತಂದರು. ಮನೆಯಲ್ಲಿ ಸ್ಪ್ಯಾನಿಷ್ ಆಡುವ, ಇಂಗ್ಲಿಷಿನಲ್ಲಿ ತಡವರಿಸುವ ಹುಡುಗನನ್ನು ಮೊದಲು ಗೇಲಿ ಮಾಡಿದವರೇ, ಅವನಿಂದ ವಿಷಯ ಹೊರಡಿಸಲು ಮೆಲ್ಲಗೆ ಸರಿಯಾದ ಪ್ರಶ್ನೆ ಕೇಳುವುದನ್ನು ಕಲಿತರು. ನನ್ನ ಬಾದಾಮಿಯ ಹುಡುಗಿಯ ಕತೆ ಅದಕ್ಕಿಂತ ಬೇರೆಯೇ?

ಇನ್ನೊಂದು ಕ್ರಮವನ್ನೂ ಬಳಸುತ್ತೇನೆ. 1984ರಲ್ಲಿ ಪ್ಯಾಲಿಂಕ್ಸರ್ ಮತ್ತು ಬ್ರೌನ್ ಎಂಬ ಇಬ್ಬರು ಸಂಶೋಧಕಿಯರು ಪ್ರಕಟಿಸಿದ್ದು. ಅಕ್ಷರ ಸರಾಗವಾಗಿ ಓದುವ, ಆದರೆ ಅರ್ಥ ಹಿಡಿಯದ ಏಳನೇ ತರಗತಿಯ ಮಕ್ಕಳಿಗೆ ಅವರು ನಾಲ್ಕು ಕೆಲಸ ಕಲಿಸಿದರು: ಮುಂದೇನು ಬರಬಹುದೆಂದು ಊಹಿಸುವುದು, ಪ್ರಶ್ನೆ ಹಾಕುವುದು, ತೊಡಕು ಬಿಡಿಸುವುದು, ಸಾರ ಹೇಳುವುದು. ಮೊದಲು ಟೀಚರ್ ಮಾಡಿ ತೋರಿಸಿ, ಆಮೇಲೆ ಆ ಪಾತ್ರವನ್ನು ಮಕ್ಕಳಿಗೆ ಸರದಿಯಂತೆ ಬಿಟ್ಟುಕೊಡುವುದು.

ಇದನ್ನು ನಮ್ಮ ಮಕ್ಕಳಿಗೆ ತಿಳಿಸುವುದು ಹೇಗೆಂದು ತಲೆಕೆಡಿಸಿಕೊಂಡಿದ್ದೆ. ಆಟಿ ತಿಂಗಳಲ್ಲಿ ಪಕ್ಕದ ದೇವಸ್ಥಾನದಲ್ಲಿ ತಾಳಮದ್ದಳೆ ನೋಡುತ್ತಾ ಕೂತಾಗ ಹೊಳೆಯಿತು. ಅದು ಮಾತಿನಲ್ಲೇ ನಡೆಯುವ ಯಕ್ಷಗಾನ; ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಒಂದು ಪದ್ಯ ಹೇಳುತ್ತಾರೆ. ನಾಲ್ಕೇ ಸಾಲು. ಪಾತ್ರದ ಮಾತಾಡುವ ಅರ್ಥಧಾರಿ ಅದನ್ನು ಹಿಗ್ಗಿಸುತ್ತಾರೆ, ಎದುರಿನವರು ಪ್ರಶ್ನೆ ಎಸೆಯುತ್ತಾರೆ, ಇವರು ಆ ಪದ್ಯವನ್ನು ಬಿಡದೆಯೇ ಉತ್ತರ ಕೊಡಬೇಕು. ಪದ್ಯದಲ್ಲಿ ಇಲ್ಲದ್ದನ್ನು ತಂದರೆ ಎದುರಿನವರು ಸುಮ್ಮನೆ ಬಿಡುತ್ತಾರೆಯೇ? ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ರಾತ್ರಿಯಿಡೀ ಕೂತ ಜನ ನಾವು. ನಾಲ್ಕು ಸಾಲನ್ನು ನಾಲ್ಕು ಜನ ಸೇರಿ ಓದುವುದೆಂದರೆ ಏನೆಂದು ನಮಗೆ ಟೆಕ್ಸಾಸಿನವರು ಹೇಳಬೇಕಾದ್ದಿಲ್ಲ. ಮರುದಿನ ತರಗತಿಯಲ್ಲಿ, ಗಟ್ಟಿಯಾಗಿ ಓದುವವ ಭಾಗವತ, ಸಾರ ಹೇಳುವವ ಅರ್ಥಧಾರಿ, ಪ್ರಶ್ನೆ ಹಾಕುವವ ಎದುರು ಅರ್ಥಧಾರಿ ಎಂದೆ. ಹುಡುಗರು ಕೂಡಲೇ ಹಿಡಿದುಕೊಂಡರು. ತೊಡಕಿನ ಪದ ಬಿಡಿಸುವವನಿಗೆ ಹೆಸರು ಸಿಗಲಿಲ್ಲ. ಅವರೇ 'ಡಿಕ್ಷನರಿ ಭಟ್ರು' ಎಂದಿಟ್ಟರು, ಹಾಗೇ ಉಳಿಯಿತು.

ಇಷ್ಟೆಲ್ಲ ಬರೆದವಳು ಮೊದಲ ಐದಾರು ವರ್ಷ ಇದನ್ನು ಕೆಟ್ಟದಾಗಿಯೇ ಮಾಡಿದ್ದೇನೆ ಎಂಬುದನ್ನೂ ಹೇಳಬೇಕು. ಆಗ ನಾನು ಮಾಡುತ್ತಿದ್ದದ್ದು, ಆರೇಳು ಮಕ್ಕಳಿಗೆ ಒಂದು ಹಾಳೆ ಕೊಟ್ಟು "ಚರ್ಚಿಸಿ ಉತ್ತರ ಬರೆಯಿರಿ" ಎನ್ನುವುದು. ಒಬ್ಬಳು ಬರೆಯುತ್ತಿದ್ದಳು, ಇಬ್ಬರು ಅವಳಿಗೆ ಪೆನ್ನು ಕೊಡುತ್ತಿದ್ದರು, ಉಳಿದವರು ಗುಂಪಿನಲ್ಲಿ ಗೋವಿಂದ. ಅಂಥ ಗುಂಪು ಕೆಲಸವನ್ನು ನೀವು ಬೈದರೆ ನಾನೂ ನಿಮ್ಮ ಜತೆ ಸೇರುತ್ತೇನೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ರಾಬರ್ಟ್ ಸ್ಲಾವಿನ್, ತಂಡವಾಗಿ ಕಲಿಯುವುದರ ಬಗೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿ ಹೇಳಿದ್ದೂ ಇದನ್ನೇ: ತಂಡಕ್ಕೆ ಒಂದು ಗುರಿ ಇರಬೇಕು, ಆದರೆ ಕಲಿತದ್ದರ ಲೆಕ್ಕ ಒಬ್ಬೊಬ್ಬರಿಂದ ಬೇರೆ ಬೇರೆ ತೆಗೆದುಕೊಳ್ಳಬೇಕು. ಹಾಗಾಗಿ ಈಗ ಕೊನೆಯ ಐದು ನಿಮಿಷ ಚೀಟಿ, ಪುಸ್ತಕ ಮುಚ್ಚಿಸಿ, ಪ್ರತಿ ಮಗುವಿಗೂ ತಾನು ಓದದ ಚೀಟಿಯ ಬಗ್ಗೆ ಎರಡು ಪ್ರಶ್ನೆ ಕೇಳುತ್ತೇನೆ. ಪಕ್ಕದವನು ಸರಿಯಾಗಿ ಹೇಳಿದ್ದಾನೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ. ನೇಮ, ಕೋಲ, ಮದುವೆ ಎಂದು ಮಕ್ಕಳು ರಜೆ ಹಾಕಿದ ದಿನ ತಂಡದಲ್ಲಿ ಒಂದು ಚೀಟಿ ಅನಾಥವಾಗುತ್ತದೆ, ಅದಕ್ಕೆ ಇನ್ನೂ ಪೂರ್ತಿ ಪರಿಹಾರ ಸಿಕ್ಕಿಲ್ಲ.

ಇಂಗ್ಲಿಷಿನಲ್ಲೇ ಮಾತಾಡಬೇಕು ಎಂಬ ಎರಡನೇ ಷರಾದ ಬಗ್ಗೆ. ಓದಿಗೂ ಮಾತಿಗೂ ಬೇರೆ ಬೇರೆ ಹೊತ್ತಿದೆ. ನನ್ನ ಮಕ್ಕಳು ಇಂಗ್ಲಿಷಿನಲ್ಲಿ ಓದುತ್ತಾರೆ, ಕೊನೆಗೆ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ನಡುವಿನ ಜಗಳ ತುಳುವಿನಲ್ಲಿ ನಡೆಯುತ್ತದೆ, ನಡೆಯಲಿ. 'ಕಾಲಂ' ಅಂದರೆ ಗೆರೆಯೋ ಕಂಬವೋ ಎಂಬ ವಾದವನ್ನು ಇಂಗ್ಲಿಷಿನಲ್ಲೇ ಮಾಡಬೇಕು ಎಂದಿದ್ದರೆ ಆ ಹುಡುಗಿ ಬಾಯಿ ತೆರೆಯುತ್ತಿರಲಿಲ್ಲ, ತೆರೆಯುತ್ತಿದ್ದವರು ಪೇಟೆಯ ಕಾನ್ವೆಂಟಿನಿಂದ ಬಂದ ಇಬ್ಬರೇ.

ಇನ್ನೊಂದು ವಿಚಿತ್ರ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಇಂದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಲ್ಲಿ ಇದೆ. ಅಲ್ಲಿ ಮಕ್ಕಳು 'ತಟ್ಟೆ' ಎಂದು ಕರೆಯುವ ಗುಂಪುಗಳಲ್ಲಿ ಕೂತು, ಕಾರ್ಡು ಹಿಡಿದು, ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುತ್ತಾರೆ. ಅದನ್ನು ನೋಡಲು ಹೊರರಾಜ್ಯದವರು ಬಂದರೆ ಹೆಮ್ಮೆಯಿಂದ ತೋರಿಸುತ್ತೇವೆ. ಅದೇ ಮಗು ಎಂಟನೇ ತರಗತಿಗೆ ಬಂದು ಹಾಗೆ ಕೂತರೆ ಅದು ಅಶಿಸ್ತು. ಶಿಕ್ಷಕರ ತರಬೇತಿಯೂ ಅಷ್ಟೆ: ಗುಂಪು ಚಟುವಟಿಕೆಯ ಮಹತ್ವದ ಬಗ್ಗೆ ಒಮ್ಮೆ ಇಡೀ ದಿನ ಉಪನ್ಯಾಸ ಕೇಳಿದೆವು, ಸಾಲು ಸಾಲಾಗಿ ಕೂತು.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಎಂಟು ಮತ್ತು ಒಂಬತ್ತನೇ ತರಗತಿಗೆ ವಾರದಲ್ಲಿ ಒಂದು ದಿನ ಇಂಗ್ಲಿಷಿನ ಎರಡು ಅವಧಿಗಳನ್ನು ಒಟ್ಟಿಗೆ ಕೊಡಿ. ನಮ್ಮಲ್ಲಿ ಅವಧಿ 40 ನಿಮಿಷ; ಬೆಂಚು ತಿರುಗಿಸಿ ಚೀಟಿ ಹಂಚುವುದಕ್ಕೇ ಹತ್ತು ನಿಮಿಷ ಹೋಗುತ್ತದೆ. ಆ ಹೊತ್ತನ್ನು ಪಾಸಿಂಗ್ ಪ್ಯಾಕೇಜಿಗೆ, ಪ್ರತಿಭಾ ಕಾರಂಜಿಯ ಅಭ್ಯಾಸಕ್ಕೆ, ಯಾರದೋ ಭಾಷಣಕ್ಕೆ ಕಿತ್ತುಕೊಳ್ಳಬೇಡಿ. ಮುಖ್ಯೋಪಾಧ್ಯಾಯರಲ್ಲಿ ವಿನಂತಿ: ಪಕ್ಕದ ಗಣಿತದ ತರಗತಿಗೆ ತೊಂದರೆಯಾಗುತ್ತದೆ ಎಂಬುದು ನಿಜವಾದ ದೂರು, ಅದನ್ನು ನಾನು ಒಪ್ಪುತ್ತೇನೆ. ಸಭಾಂಗಣವೋ ಬಿಸಿಯೂಟದ ಜಗಲಿಯೋ ಆ ಒಂದು ದಿನ ನಮಗಿರಲಿ. ಎಸ್‌ಡಿಎಂಸಿಯವರಲ್ಲಿ: ಝೆರಾಕ್ಸ್ ಖರ್ಚು. ಈಗ ನನ್ನ ಕೈಯಿಂದ ಹೋಗುತ್ತಿದೆ. ದೊಡ್ಡ ಮೊತ್ತವಲ್ಲ, ಆದರೆ ನಾನು ವರ್ಗವಾದ ದಿನ ಅದು ನಿಲ್ಲಬಾರದು. ಕ್ಲಸ್ಟರಿನ ಐದಾರು ಶಾಲೆಗಳ ಇಂಗ್ಲಿಷ್ ಶಿಕ್ಷಕರು ಒಬ್ಬೊಬ್ಬರು ಎರಡು ಪಾಠದ ಚೀಟಿ ಲ್ಯಾಮಿನೇಟ್ ಮಾಡಿ ಪೆಟ್ಟಿಗೆಯಲ್ಲಿಟ್ಟು ಶಾಲೆಯಿಂದ ಶಾಲೆಗೆ ಕಳಿಸಿದರೆ ವರ್ಷವಿಡೀ ಸಾಕಾಗುತ್ತದೆ.

ಸಂದರ್ಶನಕ್ಕೆ ಬರುವ ಅಧಿಕಾರಿಗಳಲ್ಲಿ ಒಂದೇ ಕೋರಿಕೆ. ಬಂದರೆ ಪೂರ್ತಿ ಅವಧಿ ಕೂತುಕೊಳ್ಳಿ. ಹಿಂದಿನ ಬೆಂಚಿನಲ್ಲಿ ಅಲ್ಲ, ಯಾವುದಾದರೂ ತಂಡದ ಪಕ್ಕದಲ್ಲಿ. ಪುಸ್ತಕದಲ್ಲಿ ಷರಾ ಬರೆಯುವ ಮೊದಲು ನಿಮಗೆ ಬೇಕಾದ ಮಗುವನ್ನು ಎಬ್ಬಿಸಿ, ಅದರ ಗೆಳೆಯ ಓದಿದ ಚೀಟಿಯಲ್ಲಿ ಏನಿತ್ತು ಎಂದು ಕೇಳಿ. ಉತ್ತರ ಬರದಿದ್ದರೆ ಕೆಂಪು ಶಾಯಿಯಲ್ಲಿ ಬರೆಯಿರಿ, ನಾನು ಸಹಿ ಹಾಕುತ್ತೇನೆ. ಉತ್ತರ ಬಂದರೆ ಅದನ್ನೂ ಬರೆಯಿರಿ. ಒಂದು ಸಾಲು ಸಾಕು. ಮುಂದೆ ಯಾವುದೋ ಶಾಲೆಯಲ್ಲಿ ಹೊಸದಾಗಿ ಸೇರಿದ ಟೀಚರೊಬ್ಬರು ಬೆಂಚು ತಿರುಗಿಸಲು ಹೆದರುತ್ತಿರುವಾಗ, ಆ ಸಾಲನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಬಹುದು.

ಮುಖ್ಯೋಪಾಧ್ಯಾಯರು ದೀಪಾವಳಿ ರಜೆ ಕಳೆದ ಮೇಲೆ ಒಂದು ಶುಕ್ರವಾರ ಕೊಡುತ್ತೇನೆ ಎಂದಿದ್ದಾರೆ. ಆ ದಿನದ ಪಾಠ ಮಟ್ಟುಗುಳ್ಳ, ನಮ್ಮ ಮಟ್ಟು ಊರಿನ ಬದನೆ. ನಾಲ್ಕು ಚೀಟಿ ಸಿದ್ಧವಾಗಿವೆ: ವಾದಿರಾಜರ ಐತಿಹ್ಯ, ಮಟ್ಟುವಿನ ಮಣ್ಣು, ಬೆಳೆಗಾರರ ಕೆಲಸ, ಭೌಗೋಳಿಕ ಸೂಚಕದ ಮಾನ್ಯತೆ. ಬಾದಾಮಿಯ ಹುಡುಗಿಗೆ ಮಣ್ಣಿನ ಚೀಟಿ. ತಾವು ದಯವಿಟ್ಟು ಬನ್ನಿ. ಯಾವುದಾದರೂ ತಂಡದಲ್ಲಿ ಒಬ್ಬರಾದರೂ ರಜೆ ಇದ್ದೇ ಇರುತ್ತಾರೆ. ಆ ಚೀಟಿಯನ್ನು ತಮಗೆ ಕೊಡುತ್ತೇನೆ. ಓದಲು ಎಂಟು ನಿಮಿಷ. ಆಮೇಲೆ ಚೀಟಿ ಕೆಳಗಿಟ್ಟು ಮೂರು ಮಕ್ಕಳಿಗೆ ಬಾಯಲ್ಲಿ ಹೇಳಬೇಕು, ಅವರು ಪ್ರಶ್ನೆ ಕೇಳುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರೌಢಶಾಲೆಯೊಂದರ ಇಂಗ್ಲಿಷ್ ಶಿಕ್ಷಕಿ,
ಉಡುಪಿ ಜಿಲ್ಲೆ